ವೆರೋನಳ ಗುಡ್ಡ

ನಮ್ಮೂರಿನ ಎಲ್ಲೆಯ ಮೇಲೆ ಏಳು ಮಣ್ಣುದಿಬ್ಬಗಳಿವೆ. ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಆರು ಹೆಸರಿನವರು ಚರ್ಚಿನ ಹಿಂದೆ ಮಲಗಿ ಎಷ್ಟೋ ಕಾಲವಾಯಿತು. ಏಳನೆಯ ದಿಬ್ಬ ಇರುವುದು ಒಂದು ಗುಡ್ಡದ ನೆತ್ತಿಯಲ್ಲಿ. ಹಾಗಾಗಿ ಗುಡ್ಡಕ್ಕೂ ಅದೇ ಹೆಸರು, ವೆರೋನಳ ಗುಡ್ಡ. ಆ ವೆರೋನ್ ಮಾತ್ರ ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಹಾಲು ಉಕ್ಕದ ಹಾಗೆ ಕಾಯುತ್ತಿದ್ದಳು. ಅವಳು ನನ್ನ ಅಜ್ಜಿ, ಅಮ್ಮನ ಅಮ್ಮ.

ಚಿಕ್ಕವಳಿದ್ದಾಗ ಎಲ್ಲ ಅಜ್ಜಿಯರಿಗೂ ಒಂದೊಂದು ಗುಡ್ಡ ಇರುತ್ತದೆ ಅಂತಲೇ ನಾನು ತಿಳಿದಿದ್ದೆ. ಪಕ್ಕದ ಮನೆಯ ಹುಡುಗಿಯನ್ನು "ನಿಮ್ಮಜ್ಜಿ ಗುಡ್ಡ ಎಲ್ಲಿದೆ?" ಎಂದು ಕೇಳಿದ್ದಕ್ಕೆ ಅವಳು ಅತ್ತುಕೊಂಡು ಮನೆಗೆ ಹೋದಳು, ಅವರಮ್ಮ ಬಂದು ನಮ್ಮಮ್ಮನ ಹತ್ತಿರ ಜಗಳ ಕಾದಿದ್ದಳು.

ಬೇಸಿಗೆಯ ಕೊನೆಗೆ ಕಾಡಿನಲ್ಲಿ ನೀಲಿಹಣ್ಣು ಮಾಗಿದಾಗ ಗಾಡಿ ಕಟ್ಟಿಕೊಂಡು ಅಜ್ಜಿಯ ಗುಡ್ಡಕ್ಕೆ ಹೋಗುತ್ತಿದ್ದೆವು. ಅರ್ಧ ದಿನದ ದಾರಿ. ನಮ್ಮೂರು ಸಿಲಾಶ್‌ಪತಕ್‌ನ ಕೊನೆಯ ಬೇಲಿ ಕಳೆದು, ಗುಳ್ಳೆಯೇಳುವ ಹುಳಿನೀರಿನ ಬುಗ್ಗೆಯ ಹತ್ತಿರ ಬಾಟಲಿ ತುಂಬಿಸಿಕೊಂಡು, ಬೀಚ್ ಎಂಬ ಎತ್ತರದ ಮರಗಳ ಕಾಡು ಹೊಕ್ಕರೆ ಆಮೇಲೆ ಮನುಷ್ಯರ ಸುಳಿವೇ ಇಲ್ಲ. ಕತ್ತಲೆಯಂಥ ಕಾಡು ಒಮ್ಮೆಲೇ ಮುಗಿದು, ಎದುರಿಗೆ ಬೋರಲು ಹಾಕಿದ ಬಟ್ಟಲಿನ ಹಾಗೆ ಗುಡ್ಡ. ಮೈಯೆಲ್ಲ ಗಿಡ್ಡ ಹುಲ್ಲು, ಮಳೆ ಕೊರೆದ ಕಡೆಗಳಲ್ಲಿ ಇಟ್ಟಿಗೆಪುಡಿಯಂಥ ಕೆಂಪು. ಆ ಕೆಂಪು ಕಲ್ಲು ಮೈತುಂಬ ತೂತು, ಗಾತ್ರ ನೋಡಿ ಎತ್ತಿದರೆ ಕೈ ಮೋಸಹೋಗುತ್ತದೆ, ಅಷ್ಟು ಹಗುರ. ಊರ ಹೆಂಗಸರೆಲ್ಲ ಹಿಮ್ಮಡಿ ಉಜ್ಜುವುದು ಅದರಲ್ಲೇ. ಶನಿವಾರದ ಸ್ನಾನಕ್ಕೆ ನೀರು ಕಾಯುವಾಗ ಅಜ್ಜಿ ತೊಟ್ಟಿಯ ಪಕ್ಕ ಕೂತು ಕಾಲು ಉಜ್ಜುತ್ತ, "ನನ್ನ ಗುಡ್ಡ ನನ್ನ ಕಾಲಿಗೇ ಸವೀತಾ ಇದೆ ನೋಡು" ಎನ್ನುತ್ತಿದ್ದಳು. ಈಗಲೂ ಆ ಕಲ್ಲು ತಿಕ್ಕುವ ಸದ್ದು ನೆನಪಾದರೆ ಬಿಸಿನೀರಿನ ಹಬೆ ಮೂಗಿಗೆ ಬಂದಂತಾಗುತ್ತದೆ.

ಕೊಲೊಜ್‌ವಾರ್ ನಗರಕ್ಕೆ ಭೂವಿಜ್ಞಾನ ಓದಲು ಹೋದ ಮೇಲೆ ಗೊತ್ತಾಯಿತು, ನನ್ನ ಅಜ್ಜಿಯ ಗುಡ್ಡ ಒಂದು ಕಾಲದಲ್ಲಿ ಜ್ವಾಲಾಮುಖಿಯಾಗಿತ್ತು ಅಂತ. ಅದೂ ದೊಡ್ಡ ಬೆಟ್ಟಗಳ ಹಾಗೆ ಸಾವಿರಾರು ವರ್ಷ ಗುಡುಗಿದ್ದಲ್ಲ. ಇಂಥ ಗುಡ್ಡಗಳು ಒಂದೇ ಒಂದು ಸಲ ಬಾಯಿ ತೆರೆಯುತ್ತವೆ. ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ, ಒಳಗಿದ್ದುದನ್ನೆಲ್ಲ ಉಗುಳಿ ಸುತ್ತ ರಾಶಿ ಹಾಕಿಕೊಂಡು ಬಾಯಿ ಮುಚ್ಚಿದರೆ ಮುಗಿಯಿತು. ಮತ್ತೆ ಎಂದೂ ಮಾತಿಲ್ಲ. ತರಗತಿಯಲ್ಲಿ ಇದನ್ನು ಕೇಳಿದ ದಿನ ನಾನು ಡೈರಿಯಲ್ಲಿ ಬೇರೇನೂ ಬರೆಯದೆ ಗುಡ್ಡದ ಚಿತ್ರ ಮಾತ್ರ ಬಿಡಿಸಿದ್ದೆ. ಪದವಿಯ ಕೊನೆಯ ವರ್ಷದ ಪ್ರಬಂಧವನ್ನೂ ಅದರ ಮೇಲೇ ಬರೆದೆ.

ಆ ಪ್ರಬಂಧ ಓದಿದ ಪ್ರೊಫೆಸರ್ ಟಾರ್ನೈ, ನಮ್ಮ ಸೀಮೆಯ ಶಿಲೆಗಳ ಹೊಸ ನಕಾಶೆ ಮಾಡುತ್ತಿದ್ದವರು, ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡರು. ಹಳೆಯ ನಕಾಶೆ ಯಾವುದರಲ್ಲೂ ಆ ಗುಡ್ಡಕ್ಕೆ ಹೆಸರಿಲ್ಲ, ಎತ್ತರದ ಅಂಕಿಯಷ್ಟೇ.

"ಊರೋರು ಏನಂತ ಕರೀತಾರಮ್ಮ ಅದನ್ನ?" ಎಂದರು.

"ವೆರೋನಳ ಗುಡ್ಡ, ಸರ್."

"ಚೆನ್ನಾಗಿದೆ. ಅದನ್ನೇ ಹಾಕೋಣ. ಸೋಮವಾರ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ಊರಲ್ಲಿ ಇನ್ನೊಂದ್ಸಲ ವಿಚಾರಿಸಿ ಫೋನ್ ಮಾಡು."

ವಿಚಾರಿಸುವುದೇನಿತ್ತು? ಅಜ್ಜಿಗೆ ಸುದ್ದಿ ಹೇಳುವ ನೆಪ ಸಿಕ್ಕಿತು ಅಂತಲೇ ಊರಿನ ಬಸ್ಸು ಹತ್ತಿದೆ. ಅವಳ ವಯಸ್ಸು ಎಂಬತ್ತು ದಾಟಿತ್ತು. ಅವಳಿಲ್ಲದ ಒಂದು ದಿನ ಬರುತ್ತದೆ ಅನ್ನುವುದನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಹೆಸರು ಅಚ್ಚಾಗುತ್ತದೆ ಎಂದಾಗ ಎದೆಯಲ್ಲಿ ಏನೋ ಒಂದು ಹಗುರಾಗಿತ್ತು.

ಅಜ್ಜಿ ಅಂಗಳದಲ್ಲಿ ಕೂತು ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದಳು. ದೊಡ್ಡ ಹಂಡೆಯಲ್ಲಿ ಆಗಲೇ ಒಂದು ಸುತ್ತಿನ ಹಣ್ಣು ಕುದಿಯುತ್ತಿತ್ತು. ನಾನೂ ಒಂದು ಚಾಕು ತೆಗೆದುಕೊಂಡು ಪಕ್ಕ ಕೂತೆ.

"ಅಜ್ಜೀ, ನಿನ್ನ ಹೆಸರು ನಕಾಶೇಲಿ ಬರುತ್ತೆ. ಗುಡ್ಡದ ಮೇಲೆ. ಅಚ್ಚು ಹಾಕ್ತಾರೆ."

"ಯಾರು ಹೇಳಿದ್ರು ಹಾಕೋಕೆ?"

"ನಾನೇ."

"ಆಮೇಲೆ ಬೇಡ ಅಂದ್ರೆ ಅಳಿಸಬಹುದಾ?"

"ನಕಾಶೇಲಿ ಬಂದ್ರೆ ಬಂದ ಹಾಗೇ ಅಜ್ಜಿ. ಆಮೇಲೆ ಎಲ್ಲರೂ ಅದನ್ನ ನೋಡ್ಕೊಂಡೇ ಬರೀತಾರೆ. ನೂರು ವರ್ಷ ಆದ್ರೂ ಇರುತ್ತೆ."

ಅವಳ ಕೈ ನಿಂತಿತು. ಮುಖ ನೋಡಿದೆ. ನಾನು ಅಂದುಕೊಂಡಿದ್ದ ಸಂತೋಷ ಅಲ್ಲಿರಲಿಲ್ಲ.

"ನೂರು ವರ್ಷಾನಾ!" ಎಂದಳು. "ಎಪ್ಪತ್ತು ಚಿಲ್ಲರೆ ಹೊತ್ತಿದ್ದು ಸಾಲದಾ ನಿಂಗೆ?"

ನಮ್ಮಲ್ಲಿ ಎಲ್ಲೆ ಸುತ್ತುವುದು ಅಂತ ಇತ್ತು. ವಸಂತದಲ್ಲಿ ಊರ ಗಂಡಸರೆಲ್ಲ ಸೇರಿ ಊರಿನ ಕಾಡು, ಹುಲ್ಲುಗಾವಲುಗಳ ಗಡಿಯುದ್ದಕ್ಕೂ ನಡೆದು, ಕುಸಿದ ದಿಬ್ಬಕ್ಕೆ ಮಣ್ಣು ಹಾಕಿ, ಒಂದೊಂದು ದಿಬ್ಬದ ಮೇಲೂ ಒಂದು ಮಗುವನ್ನು ಬೋರಲು ಮಲಗಿಸಿ ಹೇಜಲ್ ಗಿಡದ ಕಡ್ಡಿಯಲ್ಲಿ ಮೂರೇಟು ಕೊಡುತ್ತಿದ್ದರು. ಪೆಟ್ಟು ತಿಂದ ಜಾಗವನ್ನು ಮಗು ಮರೆಯುವುದಿಲ್ಲ. ಮುಂದೆ ತಂಟೆ ಬಂದರೆ ಅದೇ ಸಾಕ್ಷಿ. ಆಮೇಲೆ ಜೇನಿನ ರೊಟ್ಟಿ ಕೊಟ್ಟು ಸಮಾಧಾನ ಮಾಡುತ್ತಿದ್ದರು. ಅವತ್ತಿನಿಂದ ದಿಬ್ಬಕ್ಕೆ ಆ ಮಗುವಿನ ಹೆಸರು. ಅದು ದೊಡ್ಡದಾಗಿ, ತನ್ನ ಕೈಯಾರೆ ಇನ್ನೊಂದು ಮಗುವಿಗೆ ಅದೇ ಜಾಗದಲ್ಲಿ ಮೂರೇಟು ಕೊಡುವವರೆಗೆ. ಇಷ್ಟು ನನಗೂ ಗೊತ್ತಿತ್ತು. ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ?

"ಆ ವರ್ಷ ಗುಡ್ಡದ ಸರದಿ ಇಮ್ರೆ ಅನ್ನೋ ಹುಡುಗಂದು," ಎಂದಳು ಅಜ್ಜಿ. "ಅವನಿಗೆ ಕೆಪ್ಪಟರಾಯ ಬಂದು ಮುಖ ಕುಂಬಳಕಾಯಿ ಆಗಿತ್ತು. ನಾನು ಅಪ್ಪನ ಗಾಡೀಲಿ ಸುಮ್ನೆ ಕೂತಿದ್ದೆ, ರೊಟ್ಟಿ ಆಸೆಗೆ. ಇವಳನ್ನೇ ಮಲಗಿಸಿ ಅಂದ್ರು. ಹುಡುಗಿ ಹೆಸರಿನ ಗುಡ್ಡಾನಾ, ನಾಳೆ ಮದುವೆ ಆಗಿ ಗಂಡನ ಮನೆಗೆ ಹೊರಟುಹೋಗುತ್ತೆ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ."

"ಆಮೇಲೆ?"

"ಆಮೇಲೆ ಅದು ನಗೋ ಮಾತಾಗಿ ಉಳೀಲಿಲ್ಲ. ಸರ್ಕಾರ ಕಾಡು ಕಿತ್ಕೊಳ್ತು. ಎಲ್ಲೆ ಸುತ್ತೋದೂ ನಿಂತ್ಹೋಯ್ತು. ಯಾರಿಗೆ ಕೊಡಲಿ ನಾನು ಹೆಸರು?" ಅಜ್ಜಿ ಮತ್ತೆ ಚಾಕು ಹಿಡಿದಳು. "ಸಾಕ್ಷಿ ಆದೋರು ಊರು ಬಿಡೋ ಹಾಗಿಲ್ಲ. ಇದೂ ಗೊತ್ತು ತಾನೆ ನಿಂಗೆ?"

ಗೊತ್ತಿತ್ತು. ಆದರೆ ಅದು ಒಬ್ಬಳ ಬದುಕಿನಲ್ಲಿ ಏನು ಮಾಡುತ್ತದೆ ಅಂತ ಯೋಚಿಸಿರಲಿಲ್ಲ.

"ಪರಾಯ್ದ್‌ನಲ್ಲಿ ಉಪ್ಪಿನ ಗಣಿ ಇದೆಯಲ್ಲ, ಅಲ್ಲಿ ಬಡಗಿ ಒಬ್ಬ ಇದ್ದ. ಗಾಶ್ಪಾರ್ ಅಂತ. ನಗಿಸಿ ನಗಿಸಿ ಹೊಟ್ಟೆನೋವು ಬರಿಸ್ತಿದ್ದ. ಹೆಣ್ಣು ಕೇಳೋಕೆ ಬಂದ. ಅಪ್ಪ ಬೇಡ ಅನ್ನಲಿಲ್ಲ. ಊರ ಹಿರಿಯರು ಬಂದು ಇದೇ ಅಂಗಳದಲ್ಲಿ ಟೋಪಿ ಕೈಲಿಟ್ಕೊಂಡು ನಿಂತ್ರು. ವೆರೋನ್, ಇವತ್ತಲ್ಲ ನಾಳೆ ಕಾಡು ವಾಪಸ್ ಬರುತ್ತೆ, ನೀನಿಲ್ಲದಿದ್ರೆ ದಿಬ್ಬ ಎಲ್ಲಿತ್ತು ಅಂತ ಯಾರು ತೋರಿಸ್ತಾರಮ್ಮ ಅಂದ್ರು. ಬೈದಿದ್ರೆ ಎದ್ದು ಹೋಗ್ತಿದ್ದೆ. ಬೇಡ್ಕೊಂಡ್ರು." ಬೀಜವೊಂದನ್ನು ದೂರ ಎಸೆದಳು. "ಎರಡು ವರ್ಷ ಕಾದ ಪಾಪ. ಆಮೇಲೆ ಅವನ ಮದುವೆ ಆಯ್ತು."

"ತಾತ..."

"ನಿಮ್ಮ ತಾತ ಚಿನ್ನದಂಥ ಮನುಷ್ಯ. ಗೊರಕೆ ಕೂಡ ಮೆಲ್ಲಗೆ ಹೊಡೀತಿದ್ರು. ಅವರ ಮಾತಲ್ಲ ಇದು."

ಕಾಡು ವಾಪಸ್ ಬಂದದ್ದು ನಿಜ. ಆಗ ನಾನು ಅಮ್ಮನ ತೊಡೆಯ ಮೇಲಿದ್ದ ಕೂಸು. ಅಜ್ಜಿಯನ್ನು ಟ್ರ್ಯಾಕ್ಟರಿನಲ್ಲಿ ಕರೆದೊಯ್ದರಂತೆ. ಅವಳು ಮುಳ್ಳುಪೊದೆಯೊಂದರ ಬುಡ ತೋರಿಸಿದಳಂತೆ. ಅಗೆದರೆ ದಿಬ್ಬದ ತಳಕ್ಕೆ ಹಿಂದಿನವರು ಗುರುತಿಗೆ ಹಾಕಿದ್ದ ಇದ್ದಿಲು, ಮಡಕೆಚೂರು ಸಿಕ್ಕಿದವು. ಊರಿಗೆ ಊರೇ ಅವಳ ಕೈಗೆ ಮುತ್ತಿಟ್ಟಿತು.

"ಆಗಲೇ ಯಾರಿಗಾದ್ರೂ ಹೆಸರು ಕೊಡಬಹುದಿತ್ತಲ್ಲ ಅಜ್ಜಿ."

"ಸರ್ವೆಯೋನು ಮೂರು ಕಾಲಿನ ಯಂತ್ರ ತಂದು ಅಳೆದ. ಇನ್ನು ಮಕ್ಕಳಿಗೆ ಹೊಡೆಯೋದು ಯಾಕೆ, ಇದೆಲ್ಲ ಬೇಡ ಅಂದ್ರು. ನನ್ನ ಬಿಡಿಸಬೇಕು ಅನ್ನೋದೂ ಅದರ ಜೊತೆಗೇ ಮರೆತುಹೋಯ್ತು ಅವರಿಗೆ." ಅವಳು ಏಪ್ರನ್‌ಗೆ ಕೈ ಒರೆಸಿಕೊಂಡಳು. "ಉಳಿದ ಆರು ದಿಬ್ಬ ನೋಡಿದೀಯಲ್ಲ. ಇಮ್ರೆಗೂ ಆಮೇಲೆ ಒಂದು ಸಿಕ್ತು, ಕೊನೆಗೆ ಅದರ ಜೊತೇನೇ ಹೋದ. ಯಾರಿಗೂ ಕೊಡದೆ. ನಂಗೆ ಹಾಗೆ ಹೋಗೋಕೆ ಇಷ್ಟ ಇಲ್ಲ ಕಣೇ ಬೊರೋಕಾ. ಒಂದು ದಿನ ಆದ್ರೂ ಬರೀ ವೆರೋನ್ ಆಗಿರಬೇಕು. ನೀನು ನೋಡಿದ್ರೆ ಮೊಳೆ ಹೊಡೆಸೋಕೆ ಹೊರಟಿದೀಯ."

ನನಗೆ ಕೋಪ ಬಂದಿತ್ತು, ಸುಳ್ಳೇಕೆ. ಅವಳ ಹೆಸರು ಉಳಿಯಲಿ ಅಂತ ನಾನು ಬಯಸಿದರೆ ಅವಳು ಅದನ್ನು ಕಳಚಿಕೊಳ್ಳಲು ಕಾದು ಕೂತಿದ್ದಾಳೆ. ಹಂಡೆಯ ಹಣ್ಣು ತಳ ಹಿಡಿಯುವ ವಾಸನೆ ಬಂತು. ಇಬ್ಬರೂ ಒಟ್ಟಿಗೇ ಎದ್ದೆವು. ಮರದ ಹುಟ್ಟು ಹಾಕಿ ತಿರುವುತ್ತ, "ಗುಡ್ಡಕ್ಕೆ ಕರ್ಕೊಂಡು ಹೋಗ್ತೀಯಾ?" ಎಂದಳು. ಅವಳು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ನನಗೆ ನೆನಪಿಲ್ಲ.

ಊರಿನಲ್ಲಿ ಕುದುರೆಗಾಡಿ ಉಳಿದಿರುವುದು ಆರೋನ್ ಬಾಚಿಯ ಮನೆಯಲ್ಲಿ. ವಯಸ್ಸಾದ ಗಂಡಸರನ್ನು ನಮ್ಮಲ್ಲಿ ಬಾಚಿ ಅನ್ನುತ್ತೇವೆ, ಹೆಂಗಸರನ್ನು ನೇನಿ. ಊರೊಟ್ಟಿನ ಕಾಡಿನ ಯಜಮಾನಿಕೆಯೂ ಅವರದೇ. ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲುವುದಕ್ಕೇ ನನಗೆ ಧೈರ್ಯ ಕೂಡಿಸಿಕೊಳ್ಳಬೇಕಾಯಿತು.

"ಏನಮ್ಮಾ ಕಲ್ಲು ಕುಟ್ಟೋಳೇ," ಎಂದರು ಕುದುರೆಯ ಗೊರಸು ಕೆರೆಯುತ್ತ. "ಯೂನಿವರ್ಸಿಟೀಲಿ ಕಲ್ಲು ಖಾಲಿ ಆಯ್ತಾ?"

ಅಜ್ಜಿ ಗುಡ್ಡದ ಹೆಸರನ್ನು ಒಂದು ಮಗುವಿಗೆ ದಾಟಿಸಬೇಕೆಂದಿದ್ದಾಳೆ, ಗಾಡಿ ಬೇಕು ಎಂದು ವಿಷಯ ಹೇಳಿದೆ. ಗೊರಸು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದರು.

"ಹಾಗೆಲ್ಲ ಒಬ್ಬೊಬ್ಬರೇ ಹೋಗಿ ಹೊಡೆದು ಬರೋದಲ್ಲ ಅದು. ಊರು ಸೇರಬೇಕು, ಪಾದ್ರಿ ಬರಬೇಕು, ಏಳೂ ದಿಬ್ಬ ಸುತ್ತಬೇಕು. ಕಟ್ಟಲೆ ಅಂದ್ರೆ ಕಟ್ಟಲೆ."

"ಊರು ಸೇರೋ ಹೊತ್ತಿಗೆ ಅಜ್ಜಿ ಇರಬೇಕಲ್ಲ ಆರೋನ್ ಬಾಚಿ."

ನನ್ನ ಬಾಯಿಂದ ಅದು ಹೇಗೆ ಬಂತೋ. ಅವರು ನನ್ನನ್ನೇ ನೋಡಿದರು.

"ಅದೂ ಸರಿ. ಮಗು ಎಲ್ಲಿಂದ ತರ್ತೀಯ? ಊರಲ್ಲಿ ಆ ವಯಸ್ಸಿಂದು ಅಂದ್ರೆ ನಮ್ಮನೆ ಪಿಶಾಚಿ ಒಂದೇ."

ಪಿಶಾಚಿ, ಅಂದರೆ ಅವರ ಮೊಮ್ಮಗಳು ಕಿಂಚೋ, ಹುಲ್ಲಿನ ಅಟ್ಟದಿಂದ ತಲೆ ಹೊರಗೆ ಹಾಕಿ ಕೇಳುತ್ತಲೇ ಇದ್ದಳು.

"ತಾತ, ಹೊಡೆಸ್ಕೊಂಡ್ರೆ ಗುಡ್ಡ ನಂದಾಗುತ್ತಾ?"

"ಹೆಸರು ಮಾತ್ರ ಕಣೇ. ಗುಡ್ಡ ಊರಿಂದು."

"ಹಾಗಾದ್ರೂ ಪರವಾಗಿಲ್ಲ. ಲೆಕ್ಕದ ಟೀಚರ್ ಕಿವಿ ಹಿಂಡ್ತಾರೆ, ಏನೂ ಕೊಡಲ್ಲ."

"ಇಳಿ ಕೆಳಗೆ! ಕತ್ತು ಮುರ್ಕೋತೀಯ!" ಎಂದು ಗದರಿ, ಅವಳು ಇಳಿದು ಓಡಿದ ಮೇಲೆ ಆರೋನ್ ಬಾಚಿ ದನಿ ತಗ್ಗಿಸಿದರು. "ನೋಡು ಮಗಳೇ, ಕಟ್ಟಲೆ ಗಿಟ್ಟಲೆ ಬಿಡು. ನಿಮ್ಮಜ್ಜಿ ಕಥೆ ನಂಗೂ ಗೊತ್ತು. ಅವತ್ತು ಟೋಪಿ ಹಿಡ್ಕೊಂಡು ನಿಂತೋರಲ್ಲಿ ನಮ್ಮಪ್ಪಾನೂ ಒಬ್ಬ. ನನ್ನ ಕೂಸನ್ನ ನಾನೇ ಕರ್ಕೊಂಡು ಹೋಗಿ ಆ ಗೂಟಕ್ಕೆ ಕಟ್ಟಿ ಬರಲಾ? ಅವಳಿಗೆ ಹಡಗು ಓಡಿಸಬೇಕಂತೆ. ಸಮುದ್ರ ಎಲ್ಲಿದೆ ಇಲ್ಲಿ?"

ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಅಜ್ಜಿಗೆ ಹೇಳಿದೆ. ಅವಳು ಸೀಸೆಗಳಿಗೆ ಹಣ್ಣಿನ ಪಾಕ ತುಂಬಿಸುತ್ತಲೇ ಕೇಳಿಸಿಕೊಂಡಳು. ಕೊನೆಯ ಸೀಸೆಗೆ ಬಟ್ಟೆ ಬಿಗಿದು, "ಗಾಡಿ ಕಟ್ಟೋಕೆ ಹೇಳು ಅವನಿಗೆ. ಕೂಸಿಗೆ ಗೂಟ ಬೀಳದ ಹಾಗೆ ನಾನು ನೋಡ್ಕೋತೀನಿ, ವೆರೋನ್ ಮಾತು ಕೊಟ್ಟಿದಾಳೆ ಅನ್ನು" ಎಂದಳು.

ಭಾನುವಾರದ ಪೂಜೆ ಮುಗಿದ ಮೇಲೆ ಹೊರಟೆವು. ಬುಗ್ಗೆ, ಬೀಚ್ ಮರಗಳು, ಎಲೆಗಳ ಮೇಲೆ ಚಕ್ರ ಹಾಯುವ ಮೆತ್ತನೆ ಸದ್ದು, ಎಲ್ಲ ಹಾಗೇ ಇತ್ತು. ನಾನು ಮಾತ್ರ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತರೆ ಪಾದ ನೆಲಕ್ಕೆ ತಾಗುವಷ್ಟು ಉದ್ದವಾಗಿದ್ದೆ. ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ, ಒಂದು ಕಡೆ ನಾನು, ಇನ್ನೊಂದು ಕಡೆ ಆರೋನ್ ಬಾಚಿ ಹಿಡಿದು ಅಜ್ಜಿಯನ್ನು ಹತ್ತಿಸಿದೆವು. ಕಿಂಚೋ ಕಡ್ಡಿ ಕತ್ತರಿಸುವ ನೆಪದಲ್ಲಿ ಮುಂದೆ ಓಡಿದಳು.

"ಸಣ್ಣದು ಕತ್ತರಿಸು!" ಎಂದು ಕೂಗಿದರು ಅವಳ ತಾತ.

"ದೊಡ್ಡದಕ್ಕೆ ದೊಡ್ಡ ರೊಟ್ಟಿ ಸಿಗುತ್ತಾ?" ಎಂದು ಮೇಲಿನಿಂದ ಉತ್ತರ ಬಂತು.

ಅರ್ಧ ದಾರಿಯಲ್ಲಿ ಅಜ್ಜಿಗೆ ಉಸಿರು ಕಟ್ಟಿತು. ಕರಿಯ ಬಂಡೆಯೊಂದರ ಮೇಲೆ ಕೂರಿಸಿದೆ. ಗುಡ್ಡದ ಬಾಯಿಂದ ಹಾರಿ ಬಿದ್ದ ಬಂಡೆ. ಒಡೆದ ಕಡೆ ಹಸಿರು ಹರಳುಗಳ ಗೊಂಚಲು ಕಾಣುತ್ತಿತ್ತು, ಸಕ್ಕರೆ ಹೆಪ್ಪುಗಟ್ಟಿದ ಹಾಗೆ. ಮಾತು ಬದಲಿಸಲೆಂದು ತೋರಿಸಿದೆ.

"ಈ ಹಸಿರು ಹರಳು ಈ ಗುಡ್ಡದ್ದಲ್ಲ ಅಜ್ಜಿ. ಕೆಳಗೆ, ಬಹಳ ಕೆಳಗೆ, ಯಾರೂ ಹೋಗಿ ನೋಡೋಕಾಗದಷ್ಟು ಆಳದಲ್ಲಿದ್ದದ್ದು. ಬೆಂಕಿ ಹೊರಗೆ ಬರೋವಾಗ ಜೊತೇಲಿ ಎಳ್ಕೊಂಡು ಬಂತು."

ಅಜ್ಜಿ ಬೆರಳಿನಿಂದ ಹರಳು ಸವರಿದಳು. "ಅಷ್ಟು ದೂರದಿಂದ ಬಂದು ಇಲ್ಲೇ ಕೂತುಬಿಡ್ತಾ, ಪಾಪ."

ನೆತ್ತಿಯ ಮೇಲೆ ಗಾಳಿ ಜೋರಾಗಿತ್ತು. ದಿಬ್ಬ ನನ್ನ ಸೊಂಟದೆತ್ತರಕ್ಕೂ ಇರಲಿಲ್ಲ. ಕಿಂಚೋ ತಾನಾಗಿಯೇ ಹೋಗಿ ಬೋರಲು ಮಲಗಿದಳು. ನಗು ತಡೆಯಲಾರದೆ ಅವಳ ಬೆನ್ನು ಕುಲುಕುತ್ತಿತ್ತು. ಅಜ್ಜಿ ನನ್ನ ಭುಜದ ಮೇಲೆ ಎಡಗೈ ಊರಿ, ಬಲಗೈಯಲ್ಲಿ ಕಡ್ಡಿ ಎತ್ತಿದಳು.

"ಇಲ್ಲೇ ಇತ್ತು," ಎಂದು ಒಂದು ಕೊಟ್ಟಳು. ಮೆಲ್ಲಗೆ.

"ಇಲ್ಲೇ ಇದೆ." ಎರಡನೆಯದೂ ಮೆಲ್ಲಗೆ. ಕಿಂಚೋ ಇನ್ನೂ ನಗುತ್ತಿದ್ದಳು.

"ಇಲ್ಲೇ ಇರುತ್ತೆ." ಮೂರನೆಯದಕ್ಕೆ ಕಡ್ಡಿ ಸುಯ್ ಎಂದಿತು. ನಗು ನಿಂತುಹೋಯಿತು. ಆರೋನ್ ಬಾಚಿ ಒಂದು ಹೆಜ್ಜೆ ಮುಂದೆ ಬಂದವರು ತಡೆದುಕೊಂಡರು. ಮೂರನೆಯದು ನೋಯಬೇಕು, ನೋಯದಿದ್ದರೆ ಅದು ಲೆಕ್ಕಕ್ಕಿಲ್ಲ, ಅದು ಅವರಿಗೂ ಗೊತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ನಿಂತ ಹುಡುಗಿಯ ಗಲ್ಲ ಹಿಡಿದು ಅಜ್ಜಿ ಹೇಳಿದಳು:

"ನೆನಪಿಟ್ಟುಕೋ. ಎಲ್ಲಿಗೆ ಬೇಕಾದ್ರೂ ಹೋಗು."

"ಹಾಗಲ್ಲ ಅದು ವೆರೋನ್ ನೇನಿ!" ಎಂದರು ಆರೋನ್ ಬಾಚಿ. "ನೆನಪಿಟ್ಟುಕೋ, ಊರು ಬಿಡಬೇಡ, ಅಂತ. ನಮ್ಮಪ್ಪ ಹೇಳೋದು ಕೇಳಿದೀನಿ."

"ನೀನು ಹೊಡೆಸ್ಕೊಂಡಿದೀಯಾ?"

"ಇಲ್ಲ."

"ಹಾಗಾದ್ರೆ ಬಾಯಿ ಮುಚ್ಚು. ಏಟು ತಿಂದೋಳು ನಾನು, ಮಾತೂ ನಂದೇ."

ಅವರು ಬಾಯಿ ಮುಚ್ಚಿದರು. ಟೋಪಿ ತೆಗೆದರು. ಗಾಳಿಗೆ ಕಣ್ಣು ಒರೆಸಿಕೊಂಡರು ಅಂತ ಇಟ್ಟುಕೊಳ್ಳೋಣ.

ಆ ಕಡೆಯಲ್ಲೆಲ್ಲ ಫೋನಿಗೆ ಸಿಗ್ನಲ್ ಸಿಗುವುದು ನೆತ್ತಿಯ ಮೇಲೆ ಮಾತ್ರ. ಸ್ವಲ್ಪ ದೂರ ಹೋಗಿ ಪ್ರೊಫೆಸರರಿಗೆ ಫೋನ್ ಮಾಡಿದೆ. ಗಾಳಿಗೆ ಬೆನ್ನು ಹಾಕಿ ನಿಂತಾಗ ಗುಡ್ಡದ ಹಳೆಯ ಬಾಯಿಯ ತಗ್ಗಿನ ಆಚೆ ಕಿಂಚೋ ಕಾಣುತ್ತಿದ್ದಳು. ಒಂದು ಕೈಯಲ್ಲಿ ಹಿಂಭಾಗ ಉಜ್ಜಿಕೊಳ್ಳುತ್ತ, ಇನ್ನೊಂದರಲ್ಲಿ ಕೆಂಪು ಕಲ್ಲು ಆರಿಸುತ್ತ, ತಾತನಿಗೆ ಏನೋ ಅಪ್ಪಣೆ ಕೊಡುತ್ತಿದ್ದಳು.

"ಹೇಳಮ್ಮ, ಹೆಸರು ಅದೇ ತಾನೆ?"

"ಇಲ್ಲ ಸರ್. ಬದಲಾಯ್ತು."

"ಶುಕ್ರವಾರ ಇದ್ದದ್ದು ಭಾನುವಾರ ಬದಲಾಯ್ತಾ? ಹೊಸದೇನು, ಹೇಳು, ಅದನ್ನೇ ಹಾಕಿಸ್ತೀನಿ."

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ನೂರು ವರ್ಷ ಇರುತ್ತದೆ ಎಂದು ಅಂಗಳದಲ್ಲಿ ಹೇಳಿದಾಗ ಅಜ್ಜಿಯ ಮುಖ ಹೇಗಾಗಿತ್ತು ಅಂತ ನೆನಪಾಯಿತು.

"ಏನೂ ಬೇಡ ಸರ್. ಹಳೇ ಹಾಗೇ ಎತ್ತರದ ಅಂಕಿ ಇರಲಿ."

"ಛೆ, ವೆರೋನ್ ಒಳ್ಳೇ ಹೆಸರಾಗಿತ್ತಲ್ಲಮ್ಮ."

"ಆಗಿತ್ತು ಸರ್," ಎಂದೆ.

ಹಿಂತಿರುಗಿ ಬಂದಾಗ ಬುತ್ತಿಯ ಗಂಟು ಹುಲ್ಲಿನ ಮೇಲೆ ಹಾಗೇ ಇತ್ತು. ನನಗೆ ನೆನಪಿರುವ ಎಲ್ಲ ವರ್ಷಗಳಲ್ಲೂ ಈ ಗುಡ್ಡದ ಮೇಲೆ ಗಂಟು ಬಿಚ್ಚಿ, ರೊಟ್ಟಿಯನ್ನು ಎದೆಗೊತ್ತಿ ಹಿಡಿದು ಕೊಯ್ದು, ಎಲ್ಲರಿಗೂ ಹಂಚುತ್ತಿದ್ದವಳು ಅಜ್ಜಿಯೇ. ಅದನ್ನು ಬೇರೆಯವರು ಮುಟ್ಟಿದರೆ ಸಿಡುಕುತ್ತಿದ್ದಳು. ಇವತ್ತು ದಿಬ್ಬದಿಂದ ಅಷ್ಟು ದೂರದ ಕಲ್ಲಿನ ಮೇಲೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು.

"ಯಾಕಜ್ಜಿ, ಹಸಿವಿಲ್ವಾ?"

"ಹಸಿವು ಬೇಕಾದಷ್ಟಿದೆ. ಕರೆಯೋರು ಕರೆದ್ರೆ ಬರ್ತೀನಿ. ನಾನು ಇಲ್ಲಿಗೆ ನೆಂಟಳು ಈಗ."

ಆರೋನ್ ಬಾಚಿ ಮೊಮ್ಮಗಳ ಬೆನ್ನಿಗೆ ಮೊಣಕೈಯಿಂದ ತಿವಿದರು. ಕಿಂಚೋಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಗಂಟು ಬಿಚ್ಚಿ, ಜೇನಿನ ರೊಟ್ಟಿಯನ್ನು ಸೊಟ್ಟಸೊಟ್ಟಗೆ ಕೊಯ್ದಳು. ಮೊದಲ ತುಂಡನ್ನು, ಅದೇ ದೊಡ್ಡದು, ತಾನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಒಂದು ಗಳಿಗೆ ನೋಡಿ, ಅಜ್ಜಿಯ ಹತ್ತಿರ ತಂದಳು.

"ತಗೊಳ್ಳಿ ವೆರೋನ್ ನೇನಿ. ಸಂಕೋಚ ಮಾಡ್ಕೋಬೇಡಿ. ಇನ್ನೂ ಇದೆ."

ಅಜ್ಜಿ ಏಪ್ರನ್ ಸರಿಮಾಡಿಕೊಂಡು, ಪರರ ಮನೆಯಲ್ಲಿ ಕೂತವರ ಹಾಗೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಒಂದು ತುತ್ತು ಕಚ್ಚಿ, ಸುತ್ತಲೂ ಒಮ್ಮೆ ನಿಧಾನವಾಗಿ ಕಣ್ಣು ಹಾಯಿಸಿದಳು.

"ಒಳ್ಳೇ ಗುಡ್ಡ ನಿಂದು," ಎಂದಳು. "ಗಾಳಿ ಸ್ವಲ್ಪ ಜಾಸ್ತಿ."